ನಮ್ಮನೆ ಬಾವಿ ಫೇಲಾದ ಕತೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದ ನಾನು ಪತ್ರಿಕೆಗೆ ಕಳಿಸಿದ ಸುದ್ದಿಗಳನ್ನು ಲೆಕ್ಕ ಹಾಕಿದರೆ ನೀರಿನ ಸುದ್ದಿಯೇ ಹೆಚ್ಚು. ‘ಕಲುಷಿತ ನೀರು ಪೂರೈಕೆ: ಗ್ರಾಮಸ್ಥರ ಆಕ್ರೋಶ’, ‘ಕೆಟ್ಟು ನಿಂತ ಶುದ್ಧ ನೀರಿನ ಘಟಕ’, ‘ಚರಂಡಿಯಲ್ಲಿ ಹಾದುಹೋದ ಕುಡಿಯುವ ನೀರಿನ ಪೈಪು’. ತಲೆಬರಹ ಹೇಗಿರುತ್ತದೆ ಎಂದು ನಿಮಗೂ ಗೊತ್ತು. ಖಾಲಿ ಕೊಡ ಹಿಡಿದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಂದು ಫೋಟೋ, ಪಿಡಿಒ ಅವರದ್ದು ಒಂದು ಮಾತು, ಅಲ್ಲಿಗೆ ಸುದ್ದಿ ಮುಗಿಯಿತು.

ಇಷ್ಟು ವರ್ಷ ಊರೂರ ನೀರಿನ ಬಗ್ಗೆ ಬರೆದವನು ನಮ್ಮನೆ ಬಾವಿ ನೀರನ್ನು ಒಂದು ಸಲವೂ ಪರೀಕ್ಷೆ ಮಾಡಿಸಿರಲಿಲ್ಲ. ಮಾಡಿಸಬೇಕು ಅಂತ ಅನ್ನಿಸಿಯೇ ಇರಲಿಲ್ಲ. ಯಾಕೆಂದರೆ ನಮ್ಮದು ಸಿಹಿನೀರಿನ ಬಾವಿ.

ನಮ್ಮೂರಲ್ಲಿ ನಮ್ಮನ್ನು ಕರೆಯುವುದೇ ‘ಸಿಹಿಬಾವಿ ಮನೆಯೋರು’ ಎಂದು. ಬಾವಿ ತೋಡಿಸಿದ್ದು ತಾತ. ಮಣ್ಣು ಹೊತ್ತವರಲ್ಲಿ ಆಗಿನ್ನೂ ಹುಡುಗನಾಗಿದ್ದ ಅಪ್ಪನೂ ಒಬ್ಬ. ಹಿತ್ತಲಲ್ಲಿ 320 ಅಡಿಯ ಒಂದು ಬೋರ್‌ವೆಲ್ಲೂ ಇದೆ. ಅದರ ನೀರು ಸವಳು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಕಾಫಿ ಮಾಡಿದರೆ ಬಾಯಿಗಿಡಲು ಆಗುವುದಿಲ್ಲ. ಹಾಗಾಗಿ ಬೋರ್ ನೀರು ಗಿಡಕ್ಕೆ, ದನಕ್ಕೆ, ಪಾಯಿಖಾನೆ ಟ್ಯಾಂಕಿಗೆ. ಬಾವಿ ನೀರು ಕುಡಿಯಲು, ಅಡುಗೆಗೆ. ಕರೆಂಟು ಹೋದ ದಿನ, ಪಂಚಾಯ್ತಿ ನಲ್ಲಿ ಬಾರದ ದಿನ ಅಕ್ಕಪಕ್ಕದ ಮೂರು ಮನೆಯವರೂ ನಮ್ಮ ಬಾವಿಗೇ ಕೊಡ ಇಳಿಸುತ್ತಾರೆ.

ಕಳೆದ ದೀಪಾವಳಿ ಹೊತ್ತಿಗೆ ನಮ್ಮ ಮನೆಗೆ ನೀರಿನ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದ. ಆಗ ತಂಗಿ ಬಾಣಂತನಕ್ಕೆ ಬಂದು ಮೂರು ತಿಂಗಳಾಗಿತ್ತು. ಎದೆಹಾಲು ಸಾಲದೆ ಮಗುವಿಗೆ ಡಾಕ್ಟರು ಹೇಳಿದ ಡಬ್ಬಿ ಹಾಲಿನ ಪುಡಿಯನ್ನೂ ಕದಡಿ ಕುಡಿಸುತ್ತಿದ್ದರು. ಜಗಲಿ ಮೇಲೆ ಕೂತ ಹುಡುಗ ಮೊದಲು ಪೆನ್ನಿನಂಥ ಒಂದು ಮೀಟರ್ ತೆಗೆದು ನಮ್ಮ ಬಾವಿ ನೀರಿಗೆ ಅದ್ದಿದ. 410 ಎಂದು ತೋರಿಸಿತು.

‘ನೋಡಿ ಅಮ್ಮಾ, ನೂರರ ಮೇಲಿದ್ರೆ ಕುಡಿಯೋ ಹಂಗೇ ಇಲ್ಲ’ ಎಂದ.

ಆಮೇಲೆ ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನು ಬಾಟಲಿಯಲ್ಲಿ ತಂದ ಫಿಲ್ಟರ್ ನೀರು. ಕಡ್ಡಿಗಳಿದ್ದ ಒಂದು ಸಾಧನವನ್ನು ಎರಡೂ ಲೋಟದೊಳಕ್ಕೆ ಇಳಿಬಿಟ್ಟು ಕರೆಂಟಿಗೆ ಹಾಕಿದ. ಎರಡು ನಿಮಿಷದಲ್ಲಿ ನಮ್ಮ ನೀರು ಕೆಂಪು ಮಣ್ಣು ಕಲಸಿದ ಹಾಗಾಯಿತು, ಮೇಲೆ ಕೆನೆಯಂತೆ ಕೊಳೆ ತೇಲಿತು. ಅವನ ನೀರು ಇದ್ದ ಹಾಗೇ ಇತ್ತು.

ಅವ್ವ ಹೆದರಿಬಿಟ್ಟಳು. ‘ಅಯ್ಯೋ ಶಿವನೇ, ಇದನ್ನೇ ಕೂಸಿಗೆ ಕುಡಿಸ್ತಾ ಇದ್ದೀವಲ್ಲಪ್ಪಾ’ ಎಂದು ತಂಗಿ ಮುಖ ನೋಡಿದಳು. ಫಿಲ್ಟರಿಗೆ ಹದಿನಾಲ್ಕು ಸಾವಿರ, ತಿಂಗಳ ಕಂತಿನಲ್ಲೂ ಕಟ್ಟಬಹುದು ಎಂದು ಹುಡುಗ ಆಧಾರ್ ಕಾರ್ಡ್ ಕೇಳಿದ.

ಈ ಆಟವನ್ನು ನಾನು ಮೊದಲೇ ನೋಡಿದ್ದೆ. ಒಳಗಿಂದ ಒಂದು ಚಿಟಿಕೆ ಅಡುಗೆ ಉಪ್ಪು ತಂದು ಅವನ ಫಿಲ್ಟರ್ ನೀರಿಗೆ ಹಾಕಿ, ಈಗ ಇನ್ನೊಂದು ಸಲ ಕಡ್ಡಿ ಇಳಿಸಪ್ಪಾ ಎಂದೆ. ಅದೂ ಕೆಂಪಾಯಿತು. ಕೊಳೆ ಬಂದಿದ್ದು ನೀರಿನಿಂದಲ್ಲ, ಕಡ್ಡಿಯಿಂದ. ನೀರಿನಲ್ಲಿ ಉಪ್ಪಿನಂಶ, ಖನಿಜದಂಶ ಇದ್ದರೆ ಕರೆಂಟು ಹರಿಯುತ್ತದೆ. ಹರಿದಾಗ ಕಬ್ಬಿಣದ ಕಡ್ಡಿ ಕರಗಿ ತುಕ್ಕಿನ ಬಣ್ಣ ಬಿಡುತ್ತದೆ. ಫಿಲ್ಟರ್ ನೀರಿನಲ್ಲಿ ಖನಿಜ ಕಮ್ಮಿ, ಕರೆಂಟು ಹರಿಯುವುದಿಲ್ಲ, ಅದಕ್ಕೇ ತಿಳಿಯಾಗಿರುತ್ತದೆ. ನೂರರ ಮೇಲಿದ್ದರೆ ಕುಡಿಯಬಾರದು ಎಂದಿದ್ದೂ ಸುಳ್ಳು. ಆ ಪೆನ್ನು ಅಳೆಯುವುದು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಮೊತ್ತ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ವರೆಗೆ ಟಿಡಿಎಸ್ ಒಳ್ಳೆಯದು. ಬೇರೆ ನೀರು ಇಲ್ಲದಿದ್ದರೆ 2000 ವರೆಗೂ ನಡೆಯುತ್ತದೆ.

ಹುಡುಗ ಸಾಮಾನು ಕಟ್ಟಿಕೊಂಡು ಹೊರಟ. ಅಪ್ಪ ಬಾವಿಕಟ್ಟೆ ಮೇಲೆ ಕೂತು ಬೀಡಿ ಹಚ್ಚಿ, ‘ನಮ್ಮ ಬಾವಿಗೇ ಬಂದು ಹೆಸರಿಡ್ತಾನೆ’ ಎಂದು ನಕ್ಕ. ನಾನೂ ನಕ್ಕೆ.

ರಾತ್ರಿ ಮಲಗಿದಾಗ ನಗು ಹೋಯಿತು. ಅವನು ಸುಳ್ಳು ಹೇಳಿದ ಎಂದು ತೋರಿಸಿದೆ, ಸರಿ. ನಮ್ಮ ನೀರು ಚೆನ್ನಾಗಿದೆ ಎಂದು ತೋರಿಸಿದೆನಾ? ಇಲ್ಲ. ಆ ಪೆನ್ನಿಗೆ ಕ್ರಿಮಿ ಕಾಣುವುದಿಲ್ಲ, ಫ್ಲೋರೈಡ್ ಬೇರೆ ನೈಟ್ರೇಟ್ ಬೇರೆ ಎಂದು ಗೊತ್ತಾಗುವುದಿಲ್ಲ. ನಮ್ಮ ನಾಲಿಗೆಗೂ ಅಷ್ಟೇ. ಮಗುವಿಗೆ ಎರಡು ಸಲ ಭೇದಿಯಾಗಿತ್ತು. ದೃಷ್ಟಿಯಾಗಿದೆ ಎಂದು ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದಳು. ನೀರಿನ ಕಡೆ ಯಾರೂ ಬೆರಳು ತೋರಿಸಿರಲಿಲ್ಲ.

ನೆನಪಿರಬಹುದು, 2024ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ, ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಹೋದ. ಅದರ ಹಿಂದಿನ ವರ್ಷ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಸಾವುಗಳಾದವು. ಅವೆಲ್ಲ ಊರ ನೀರು. ಏನಾದರೂ ಆದರೆ ಕೇಳಲು ಪಂಚಾಯ್ತಿ ಇದೆ, ಬರೆಯಲು ನಮ್ಮಂಥವರಿದ್ದೇವೆ. ಮನೆ ಬಾವಿಗೆ ಯಾರನ್ನು ಕೇಳುವುದು?

ಬೆಳಗ್ಗೆ ಎದ್ದು ನಮ್ಮ ಸ್ತ್ರೀಶಕ್ತಿ ಸಂಘದ ಅಕ್ಕನ ಮನೆಗೆ ಹೋದೆ. ಊರಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಿಟ್ ಬಳಸುವ ತರಬೇತಿ ಕೊಡಬೇಕು ಎಂಬುದು ಜಲಜೀವನ್ ಮಿಷನ್ನಿನಲ್ಲಿ, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎನ್ನುತ್ತೇವಲ್ಲ, ಅದರಲ್ಲಿ ಇದೆ. ನಮ್ಮೂರಲ್ಲಿ ಆ ತರಬೇತಿ ಪಡೆದವರಲ್ಲಿ ಇವರೊಬ್ಬರು.

‘ನಿಮ್ಮನೆ ಬಾವಿ ನಮ್ಮ ಪಟ್ಟೀಲಿಲ್ಲ ಕನಣ್ಣ. ನಾವು ನೋಡೋದು ಟ್ಯಾಂಕು, ನಲ್ಲಿ, ಪಂಚಾಯ್ತಿ ಬೋರು, ಸ್ಕೂಲು, ಅಂಗನವಾಡಿ. ಆದ್ರೆ ಕೂಸಿರೋ ಮನೆ ಅಂತೀರಿ, ಬತ್ತೀನಿ ಬುಡಿ’ ಎಂದರು.

ಪಟ್ಟಿಯಲ್ಲಿಲ್ಲ. ಆ ಮಾತು ನನಗೆ ತಟ್ಟಿತು. ನಮ್ಮ ಹೋಬಳಿಯಲ್ಲೇ ಹೀಗೆ ಪಟ್ಟಿಯಲ್ಲಿಲ್ಲದ ಬಾವಿ, ಸ್ವಂತ ಬೋರು ಎಷ್ಟಿರಬಹುದು? ತೋಟದ ಮನೆ, ಬ್ಯಾರನ್ ಪಕ್ಕದ ಮನೆ, ಶುಂಠಿ ಹೊಲದಲ್ಲಿ ಕೂಲಿಗೆ ಬಂದವರು ಗುಡಿಸಲು ಹಾಕಿಕೊಂಡ ಜಾಗ, ಎಲ್ಲ ಕಡೆ ಕುಡಿಯುವುದು ಅಲ್ಲೇ ಸಿಕ್ಕ ನೀರು.

ಮಧ್ಯಾಹ್ನ ಅಕ್ಕ ಕಿಟ್ ಪೆಟ್ಟಿಗೆ ತಂದು ಜಗಲಿ ಮೇಲೆ ಬಿಚ್ಚಿದರು. ನೋಡಲು ಮಕ್ಕಳ ಆಟದ ಡಾಕ್ಟರ್ ಸೆಟ್ಟಿನ ಹಾಗಿದೆ. ಸಣ್ಣ ಸಣ್ಣ ಬಾಟಲಿ, ಹನಿ ಹಾಕುವ ನಳಿಗೆ, ಬಣ್ಣದ ಚಾರ್ಟು. ಬಾವಿ ನೀರು ಒಂದು ಕಡೆ, ಬೋರ್ ನೀರು ಒಂದು ಕಡೆ ಇಟ್ಟುಕೊಂಡರು. ಪಾತ್ರೆಯನ್ನು ಪರೀಕ್ಷೆ ಮಾಡುವ ನೀರಿನಲ್ಲೇ ಮೂರು ಸಲ ತೊಳೆದರು. ಬೋರ್ ನೀರು ಹಿಡಿಯುವ ಮುಂಚೆ ಮೋಟಾರು ಸ್ವಲ್ಪ ಹೊತ್ತು ಓಡಲಿ ಎಂದರು, ಪೈಪಿನಲ್ಲಿ ನಿಂತ ನೀರಿನಿಂದ ನಿಜ ತಿಳಿಯುವುದಿಲ್ಲವಂತೆ.

ಗಡಸುತನಕ್ಕೆ ಹನಿ ಎಣಿಸುತ್ತಾರೆ. ಕೆಂಪಗಿದ್ದ ನೀರು ನೀಲಿಯಾಗುವವರೆಗೆ ಎಷ್ಟು ಹನಿ ಬಿತ್ತು ಎಂಬುದರ ಮೇಲೆ ಲೆಕ್ಕ. ಬಾವಿ ನೀರು ಬೇಗ ನೀಲಿಯಾಯಿತು. ಬೋರ್ ನೀರಿಗೆ ಹನಿ ಹಾಕಿ ಹಾಕಿ ಅಕ್ಕನ ಕೈ ಸೋತಿತು. ಅಪ್ಪ ಮೀಸೆ ಮೇಲೆ ಕೈ ಇಟ್ಟ. ಫ್ಲೋರೈಡ್‌ಗೆ ಇನ್ನೊಂದು ಔಷಧಿ. ಗುಲಾಬಿ ಬಣ್ಣ ಹಳದಿ ಕಡೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರ ಹಲ್ಲು ಕಂದಾಗಿ ಮೂಳೆ ಬಾಗಿಸಿದ್ದು ಇದೇ ಫ್ಲೋರೈಡ್. ನಮ್ಮ ಎರಡೂ ನೀರು ಇದರಲ್ಲಿ ಪಾಸು.

ಆಮೇಲೆ ನೈಟ್ರೇಟ್. ಇದರಲ್ಲಿ ಗುಲಾಬಿ ಗಾಢವಾದಷ್ಟೂ ಕೆಟ್ಟದ್ದು. ಬೋರ್ ನೀರು ತೆಳುವಾಗಿ ಬಂತು. ಬಾವಿ ನೀರು ನೋಡನೋಡುತ್ತ ಕಾಶಿ ಕಣಗಿಲೆ ಹೂವಿನ ಬಣ್ಣಕ್ಕೆ ತಿರುಗಿತು. ಅಕ್ಕ ಚಾರ್ಟು ಹಿಡಿದು ಬಿಸಿಲಿಗೆ ಹೋಗಿ ನೋಡಿದರು, ನನ್ನ ಕೈಗೂ ಕೊಟ್ಟರು. 45ಕ್ಕೂ 100ಕ್ಕೂ ನಡುವಿನ ಬಣ್ಣ. ಮಿತಿ ಇರುವುದು 45. ಇದಕ್ಕೆ ‘ಬೇರೆ ನೀರಿಲ್ಲದಿದ್ದರೆ ಇಷ್ಟರವರೆಗೆ ಪರವಾಗಿಲ್ಲ’ ಎಂಬ ಎರಡನೇ ಮಿತಿಯೇ ಇಲ್ಲ.

‘ಇನ್ನೊಂದು ಸಲ ಮಾಡಕ್ಕ’ ಎಂದೆ. ಇನ್ನೊಂದು ಸಲವೂ ಅದೇ ಬಣ್ಣ.

ಕೊನೆಗೆ ಕ್ರಿಮಿ ಪರೀಕ್ಷೆಯ ಸೀಸೆ. ಒಳಗೆ ಔಷಧಿ ಹಚ್ಚಿದ ಕಾಗದ ಇರುತ್ತದೆ. ಒಳಭಾಗಕ್ಕೆ ಬೆರಳು ತಾಗಿಸದೆ ಗೆರೆಯವರೆಗೆ ನೀರು ತುಂಬಿ ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದರಿಂದ ಎರಡು ದಿನ ಇಡಬೇಕು. ಕಪ್ಪಾದರೆ ಮಲದ ಕ್ರಿಮಿ ಸೇರಿದೆ ಎಂಬ ಅನುಮಾನ. ಈ ಪರೀಕ್ಷೆ ಹುಟ್ಟಿದ್ದು ನಮ್ಮ ದೇಶದಲ್ಲೇ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಕೆ.ಎಸ್. ಮಂಜ ಮತ್ತು ಜೊತೆಗಾರರು 1982ರಲ್ಲಿ ಇದನ್ನು ಪ್ರಕಟಿಸಿದರು. ದೊಡ್ಡ ಲ್ಯಾಬು ಇಲ್ಲದ ಊರುಗಳಿಗೆ ಆಗಲಿ ಎಂದೇ ಮಾಡಿದ್ದು. ಎರಡು ಸೀಸೆಗೂ ಚೀಟಿ ಅಂಟಿಸಿ, ಚಳಿಗಾಲವಾದ್ದರಿಂದ ಅವ್ವ ಒಲೆ ಪಕ್ಕದ ಗೂಡಿನಲ್ಲಿಟ್ಟಳು.

ಮಾರನೇ ದಿನ ಬೆಳಗ್ಗೆ ಐದಕ್ಕೆ ಕಾಫಿ ಕಾಯಿಸಲು ಎದ್ದ ಅವ್ವ ನನ್ನನ್ನು ಎಬ್ಬಿಸಿದಳು. ಕೈಯಲ್ಲಿ ಸೀಸೆ ಇತ್ತು. ‘ಯಾವ ಬಾಟ್ಲಿ ಯಾವ್ದು ನೋಡು ಮಗ, ನಂಗೆ ಓದಾಕ್ ಬರಾಕಿಲ್ಲ.’

ಬೋರ್ ನೀರು ಇದ್ದ ಹಾಗೇ ಇತ್ತು. ಬಾವಿ ನೀರು ಶಾಯಿ ಕದಡಿದ ಹಾಗೆ ಕಪ್ಪಾಗಿತ್ತು.

ಕಿಟ್ ಹೇಳುವುದು ಅಂದಾಜು, ಖಾತ್ರಿಗೆ ಲ್ಯಾಬೇ ಆಗಬೇಕು. ಜಲಜೀವನ್ ಮಿಷನ್ ಬಂದ ಮೇಲೆ ಸರ್ಕಾರದ ನೀರು ಪರೀಕ್ಷೆ ಲ್ಯಾಬುಗಳಲ್ಲಿ ನಮ್ಮಂಥವರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಮೊದಲೇ ಫೋನ್ ಮಾಡಿ, ಯಾವ ದಿನ ತರಬೇಕು, ಎಷ್ಟು ಶುಲ್ಕ ಎಂದು ಕೇಳಿಕೊಂಡೆ. ಲವಣ, ನೈಟ್ರೇಟ್‌ಗೆಲ್ಲ ತೊಳೆದ ಒಂದು ಲೀಟರಿನ ಬಾಟಲಿ ಸಾಕು. ಕ್ರಿಮಿ ಪರೀಕ್ಷೆಗೆ ಮಾತ್ರ ಅವರೇ ಕೊಡುವ, ಕ್ರಿಮಿ ಕಳೆದ ಬಾಟಲಿ ಬೇಕು. ಅದನ್ನು ತೊಳೆಯಬಾರದು, ಮುಚ್ಚಳದ ಒಳಗೆ ಕೈ ತಾಗಿಸಬಾರದು, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಐಸ್ ಕ್ಯಾಂಡಿಯವನ ಹತ್ತಿರ ಥರ್ಮಕೋಲ್ ಡಬ್ಬಿ ಇಸ್ಕೊಂಡು ಹುಣಸೂರಿನಿಂದ ಮೈಸೂರು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು ಮೀನೇನಣ್ಣ ಎಂದು ಕೇಳಿದರು.

ವರದಿ ಬಂತು. ಬಾವಿ ನೀರು: ಟಿಡಿಎಸ್ 410, ಗಡಸುತನ 180, ಫ್ಲೋರೈಡ್ 0.4, ನೈಟ್ರೇಟ್ 68, ಇ. ಕೋಲಿ ಇದೆ. ಬೋರ್ ನೀರು: ಟಿಡಿಎಸ್ 880, ಗಡಸುತನ 460, ಫ್ಲೋರೈಡ್ 0.8, ನೈಟ್ರೇಟ್ 18, ಇ. ಕೋಲಿ ಇಲ್ಲ.

ಅಂದರೆ ಊರೆಲ್ಲ ಹೊಗಳಿದ ಸಿಹಿ ನೀರು ಫೇಲು, ನಾವು ಉಗಿದ ಸವಳು ನೀರು ಪಾಸು. ಗಡಸುತನಕ್ಕೆ 600, ಟಿಡಿಎಸ್‌ಗೆ 2000 ಮೇಲಿನ ಮಿತಿ. ಬೋರ್ ನೀರು ಬೇಳೆ ಬೇಯಿಸದಿರಬಹುದು, ಪಾತ್ರೆಗೆ ಬಿಳಿ ಪೊರೆ ಕಟ್ಟಬಹುದು, ಆದರೆ ಮಗುವಿಗೆ ಕೇಡು ಮಾಡುವಂಥದ್ದು ಅದರಲ್ಲಿ ಕಾಣಲಿಲ್ಲ.

ನೈಟ್ರೇಟ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಆರು ತಿಂಗಳೊಳಗಿನ ಮಗುವಿನ ಹೊಟ್ಟೆಯಲ್ಲಿ ಇದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ, ರಕ್ತ ಆಮ್ಲಜನಕ ಹೊರುವುದು ಕಮ್ಮಿಯಾಗುತ್ತದೆ. ತುಟಿ, ಉಗುರು, ಮೈ ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಹೀಗೆ ನೀಲಿಯಾದ ಕೂಸುಗಳಿಗೂ ಅವರ ತೋಟದ ಮನೆಗಳ ಬಾವಿ ನೀರಿಗೂ ಸಂಬಂಧವಿದೆ ಎಂದು ತೋರಿಸಿದರು. ಆ ಕೂಸುಗಳೂ ಬಾವಿ ನೀರಿನಲ್ಲಿ ಕದಡಿದ ಹಾಲನ್ನೇ ಕುಡಿದಿದ್ದವು. ತಾಯಿ ಹಾಲು ಕುಡಿಯುವ ಮಗುವಿಗೆ ಈ ಭಯ ಇಲ್ಲವೆನ್ನುವಷ್ಟು ಕಮ್ಮಿ. ಪುಡಿ ಹಾಲು ಕದಡುವ ಮನೆಯಲ್ಲೇ ಎಚ್ಚರ ಬೇಕು.

‘ನಾವು ಕಾಯ್ಸಿ ಆರ್ಸೇ ಕೊಡ್ತಾ ಇದ್ದೀವಲ್ಲ’ ಎಂದಳು ತಂಗಿ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ನಿಜ. ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚೇ ಆಗುತ್ತದೆ, ಸಾರು ಕುದಿಸಿದಷ್ಟೂ ಉಪ್ಪಾಗುವ ಹಾಗೆ. ಮಗುವಿಗೆ ಒಳ್ಳೆಯದಾಗಲಿ ಎಂದು ಅವ್ವ ಇನ್ನೂ ಐದು ನಿಮಿಷ ಹೆಚ್ಚಿಗೆ ಕುದಿಸುತ್ತಿದ್ದಳು. ಅದನ್ನು ಕೇಳಿದ ಮೇಲೆ ಅವಳು ಆ ದಿನ ಊಟ ಮಾಡಲಿಲ್ಲ. ಮಗುವನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ನಮ್ಮ ಪುಣ್ಯ, ಏನೂ ಆಗಿರಲಿಲ್ಲ. ಅವತ್ತಿನಿಂದ ಹಾಲು ಕದಡಲು ಬೋರ್ ನೀರು ಕಾಯಿಸಿ ಬಳಸಿದೆವು.

ನೈಟ್ರೇಟೂ ಮಲದ ಕ್ರಿಮಿಯೂ ಒಟ್ಟಿಗೆ ಇದ್ದರೆ ಮೊದಲು ಹತ್ತಿರದಲ್ಲೇ ಹುಡುಕಬೇಕು ಎಂದಿದ್ದರು ಲ್ಯಾಬಿನವರು. ಹೊಲಕ್ಕೆ ಸುರಿಯುವ ಯೂರಿಯಾದಿಂದಲೂ ನೈಟ್ರೇಟ್ ಇಳಿಯುತ್ತದೆ, ಆದರೆ ಇ. ಕೋಲಿ ಬರುವುದು ಮನುಷ್ಯ, ದನಗಳ ಹೊಟ್ಟೆಯಿಂದ. ನೂಲುಂಡೆ ತಂದು ಬಾವಿಯಿಂದ ಅಳೆದೆ. ತಿಪ್ಪೆಗುಂಡಿಗೆ 30 ಅಡಿ. ಪಾಯಿಖಾನೆ ಗುಂಡಿಗೆ 22 ಅಡಿ. ಗುಂಡಿಗೂ ಬಾವಿಗೂ ಕಮ್ಮಿ ಎಂದರೆ 50 ಅಡಿ ಇರಬೇಕು.

ಆ ಗುಂಡಿ ತೋಡಿಸಿದವನು ನಾನೇ. 2016ರಲ್ಲಿ, ಮನೆಗೊಂದು ಶೌಚಾಲಯ ಎಂದು ನಾನೇ ಸುದ್ದಿ ಬರೆಯುತ್ತಿದ್ದ ಕಾಲದಲ್ಲಿ. ಪೈಪು ಉದ್ದವಾದರೆ ಖರ್ಚು ಎಂದು ಹತ್ತಿರದ ಜಾಗ ತೋರಿಸಿದ್ದೆ. ಸಿಮೆಂಟ್ ರಿಂಗು ಇಳಿಸಿದ ಗುಂಡಿ, ತಳ ಬರೀ ಮಣ್ಣು. ನೀರು ಇಂಗಲಿ ಎಂದೇ ಹಾಗೆ ಮಾಡುವುದು. ಇಂಗಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿರಲಿಲ್ಲ. ಅದು 22 ಅಡಿ ನಡೆದು ತಾತನ ಬಾವಿಗೆ ಬಂದಿತ್ತು.

ಅಪ್ಪನಿಗೆ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇದ ಯಾರ್ಗೂ ಹೇಳ್ಬ್ಯಾಡ ಕನ್ಲಾ. ನಿನ್ ತಮ್ಮಂಗೆ ಹೆಣ್ಣು ನೋಡ್ತಾ ಇದ್ದೀವಿ. ಸಿಹಿಬಾವಿ ಮನೆ ನೀರಲ್ಲಿ ಹೇಲು ಬೆರ್ತದೆ ಅಂದ್ರೆ ಊರಲ್ಲಿ ತಲೆ ಎತ್ಕಂಡ್ ತಿರುಗಾದೆಂಗೆ?’ ಎಂದ.

ಇಲ್ಲಿ ಒಂದು ನಿಜ ಒಪ್ಪಿಕೊಳ್ಳಬೇಕು. ನಾನೂ ಎರಡು ದಿನ ಸುಮ್ಮನಿದ್ದೆ. ಬೇರೆ ಊರಾಗಿದ್ದರೆ ಅರ್ಧ ಗಂಟೆಯಲ್ಲಿ ಫೋಟೋ ಸಮೇತ ಸುದ್ದಿ ಕಳಿಸುತ್ತಿದ್ದೆ. ‘ಮಾಹಿತಿ ಮುಚ್ಚಿಟ್ಟ ಅಧಿಕಾರಿಗಳು’ ಎಂದು ಎಷ್ಟು ಸಲ ಬರೆದಿಲ್ಲ? ಈಗ ಮುಚ್ಚಿಟ್ಟವನು ನಾನು. ಮೂರನೇ ದಿನ ಸಂಜೆ ಕರೆಂಟು ಹೋಯಿತು. ಪಕ್ಕದ ಮನೆ ದೊಡ್ಡವ್ವ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೊಡ ತಂದರು. ಹಗ್ಗ ಇಳಿಬಿಡುವಾಗ ನನಗೆ ತಡೆಯಲು ಆಗಲಿಲ್ಲ.

‘ದೊಡ್ಡವ್ವ, ಈ ನೀರು ಕುಡೀಬ್ಯಾಡಿ. ಪರೀಕ್ಷೆ ಮಾಡಿಸ್ದೆ, ಸರಿಯಿಲ್ಲ. ನಮ್ಮ ಗುಂಡಿ ನೀರು ಸೇರ್ತಾ ಅದೆ.’

ಜಗಲಿಯಿಂದ ಅಪ್ಪ ಎದ್ದು ಒಳಗೆ ಹೋದ. ದೊಡ್ಡವ್ವ ಕೊಡ ಮೇಲೆತ್ತಿಕೊಂಡು, ‘ನಮ್ಮನೆ ಗುಂಡೀನೂ ನಮ್ಮ ಬೋರ್ ಪಕ್ಕದಲ್ಲೇ ಅದೆಯಲ್ಲಪ್ಪ. ಅದನ್ನೂ ಒಂದಪ ನೋಡ್ಸಿ ಕೊಡು’ ಎಂದರು. ನಾನು ಹೆದರಿದ್ದ ಮಾತು ಬರಲೇ ಇಲ್ಲ.

ಆ ವಾರ ಸ್ತ್ರೀಶಕ್ತಿ ಅಕ್ಕ ನಮ್ಮ ಬೀದಿಯಲ್ಲಿ ಇನ್ನೂ ಐದು ಮನೆಯ ನೀರು ನೋಡಿದರು. ಯಾರದು ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ, ಅದು ಅವರವರ ಮನೆ ವಿಷಯ. ನಮ್ಮದೊಂದೇ ಅಲ್ಲ ಎಂದಷ್ಟು ಹೇಳುತ್ತೇನೆ. ಅದನ್ನು ಕೇಳಿದ ಮೇಲೆ ಅಪ್ಪ ಸ್ವಲ್ಪ ಹಗುರಾದ.

ಸಂಕ್ರಾಂತಿ ಮುಗಿದ ಮೇಲೆ, ಹೊಗೆಸೊಪ್ಪಿನ ದುಡ್ಡು ಕೈಗೆ ಬಂದಾಗ, ಹಳೇ ಗುಂಡಿ ಖಾಲಿ ಮಾಡಿಸಿ ಮುಚ್ಚಿದೆವು. ಮನೆಯ ಇನ್ನೊಂದು ಕಡೆ, ಬಾವಿಗೆ 65 ಅಡಿ, ಬೋರಿಗೂ 60 ಅಡಿ ದೂರದಲ್ಲಿ ಹೊಸ ಗುಂಡಿ ಆಯಿತು. ತಿಪ್ಪೆ ಹೊಲಕ್ಕೆ ಹೋಯಿತು. ಬಾವಿ ಸುತ್ತ ನೀರು ಹೊರಗೆ ಹರಿದುಹೋಗುವ ಹಾಗೆ ಸಿಮೆಂಟ್ ಹಾಕಿಸಿದೆವು. ಕಟ್ಟೆ ಮೇಲೆ ಬಟ್ಟೆ ಒಗೆಯುವುದು, ಔಷಧಿ ಹೊಡೆಯುವ ಕ್ಯಾನು ತೊಳೆಯುವುದು ಬಂದ್. ಕೀಟನಾಶಕ ಇದೆಯೋ ಇಲ್ಲವೋ ಎಂದು ಈ ಕಿಟ್ ಹೇಳುವುದಿಲ್ಲ. ಆದ್ದರಿಂದ ಬಾವಿ ಹತ್ತಿರ ತರದಿರುವುದೊಂದೇ ದಾರಿ.

ಕ್ರಿಮಿಗೆ ಬ್ಲೀಚಿಂಗ್ ಪೌಡರ್ ಹಾಕಿದೆವು. ಲೆಕ್ಕ ಸುಲಭ, ಬರೆದಿಟ್ಟುಕೊಳ್ಳಿ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅಗಲವನ್ನು ಅಗಲದಿಂದ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ 4ರಿಂದ ಭಾಗಿಸಿ. ಬಂದಿದ್ದು ಸಾವಿರ ಲೀಟರಿನ ಲೆಕ್ಕ. ನಮ್ಮ ಬಾವಿ 1.8 ಮೀಟರ್ ಅಗಲ, 4 ಮೀಟರ್ ನೀರು, ಸುಮಾರು 10 ಸಾವಿರ ಲೀಟರ್. ಸಾವಿರ ಲೀಟರಿಗೆ ಒಳ್ಳೇ ಬ್ಲೀಚಿಂಗ್ ಪೌಡರ್ ಎರಡೂವರೆ ಗ್ರಾಂ ಎಂದರೆ ನಮಗೆ 25 ಗ್ರಾಂ. ಪುಡಿಯನ್ನು ನೇರವಾಗಿ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ನೀರನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು, ಅದನ್ನು ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಕಮ್ಮಿ ಎಂದರೆ ಒಂದು ಗಂಟೆ ಯಾರೂ ಸೇದಬಾರದು. ನಾವು ರಾತ್ರಿ ಹಾಕಿ ಬೆಳಗ್ಗೆವರೆಗೆ ಬಿಟ್ಟೆವು. ತೆರೆದಿಟ್ಟು ಹಳೆಯದಾದ ಪುಡಿಗೆ ಸತ್ವ ಇರುವುದಿಲ್ಲ. ಇನ್ನೊಂದು ಮಾತು: ಬ್ಲೀಚಿಂಗ್ ಪೌಡರ್ ಕ್ರಿಮಿಗೆ ಮಾತ್ರ, ನೈಟ್ರೇಟನ್ನು ಅದು ಮುಟ್ಟುವುದಿಲ್ಲ. ಗುಂಡಿ ಪಕ್ಕದಲ್ಲೇ ಇಟ್ಟುಕೊಂಡು ವಾರವಾರ ಪುಡಿ ಹಾಕುವುದೂ ತಳ ತೂತಾದ ಕೊಡಕ್ಕೆ ನೀರು ತುಂಬುವುದೂ ಒಂದೇ.

ಹಾಗಾದರೆ ಆ ಹುಡುಗನ ಫಿಲ್ಟರ್ ತಗೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆರ್‌ಒ ಫಿಲ್ಟರ್ ನೈಟ್ರೇಟ್, ಫ್ಲೋರೈಡ್ ಎರಡನ್ನೂ ತಗ್ಗಿಸುತ್ತದೆ, ಅದು ನಿಜ. ಬರೀ ಯುವಿ ದೀಪದ್ದು ಕ್ರಿಮಿಗಷ್ಟೇ. ಸ್ಟೀಲಿನ ಕ್ಯಾಂಡಲ್ ಫಿಲ್ಟರಿನಿಂದ ನೈಟ್ರೇಟ್ ಹೋಗುವುದಿಲ್ಲ. ನಮಗೆ ಯಾವುದು ಬೇಕು ಎಂದು ತಿಳಿಯುವುದೇ ಪರೀಕ್ಷೆ ಮಾಡಿಸಿದ ಮೇಲೆ. ಮಾಡಿಸದೆ ಕೊಂಡಿದ್ದರೆ ಮನೆಗೊಂದು ಮಿಷನ್ ಬರುತ್ತಿತ್ತು. ಗುಂಡಿ ಅಲ್ಲೇ ಇರುತ್ತಿತ್ತು, ಪಕ್ಕದ ಮನೆ ದೊಡ್ಡವ್ವ ಅದೇ ನೀರು ಕುಡಿಯುತ್ತಿದ್ದರು.

ಯುಗಾದಿ ಕಳೆದು ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ. ಸೀಸೆ ಎರಡು ದಿನವಾದರೂ ಕಪ್ಪಾಗಲಿಲ್ಲ, ಲ್ಯಾಬಿನಲ್ಲೂ ಇ. ಕೋಲಿ ಇಲ್ಲವೆಂದು ಬಂತು. ನೈಟ್ರೇಟ್ 59. ಇಳಿದಿದೆ, ಆದರೆ ಪಾಸಾಗಿಲ್ಲ. ಮಣ್ಣಿನಲ್ಲಿ ಸೇರಿಕೊಂಡದ್ದು ಒಂದು ವರ್ಷದಲ್ಲಿ ಹೋಗುವುದಿಲ್ಲ ಎಂದರು. ಕುಡಿಯಲು ಈಗಲೂ ಬೋರ್ ನೀರೇ. ಬೇಳೆಗೆ ಅವ್ವ ರಾತ್ರಿಯೇ ನೆನೆಹಾಕುತ್ತಾಳೆ. ಕಾಫಿಗೆ ಎಲ್ಲರೂ ಮುಖ ಹಿಂಡಿಕೊಂಡು ಒಗ್ಗಿಕೊಂಡಿದ್ದೇವೆ.

ಬಾವಿಕಟ್ಟೆಗೆ ಅಪ್ಪನೇ ಒಂದು ಸ್ಲೇಟು ನೇತುಹಾಕಿದ್ದಾನೆ. ನನ್ನ ಕೈಯಲ್ಲಿ ಬರೆಸಿದ್ದು: ‘ಕುಡಿಯಬೇಡಿ. ಬಟ್ಟೆಗೆ, ಗಿಡಕ್ಕೆ ಮಾತ್ರ.’ ಕೆಳಗೆ ಪರೀಕ್ಷೆ ಮಾಡಿಸಿದ ತಾರೀಖು, ನೈಟ್ರೇಟ್ ಎಷ್ಟು ಎಂದು ಇದೆ. ತಮ್ಮನಿಗೆ ಹೆಣ್ಣಿನ ಕಡೆಯವರು ಬಂದ ದಿನ ಸ್ಲೇಟು ತೆಗೆದಿಡಲಾ ಎಂದು ಅವ್ವ ಕೇಳಿದಳು. ‘ಇರ್ಲಿ ಬುಡು’ ಎಂದ ಅಪ್ಪ. ಹೆಣ್ಣಿನ ತಂದೆ ಕಾಫಿ ಕುಡಿಯುತ್ತ ಅದನ್ನು ಓದಿ, ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಲ್ಯಾಬಿನ ಫೋನ್ ನಂಬರು ಬರೆದುಕೊಂಡರು.

ಕೆರೆ, ಬಾವಿ, ಬೋರು ಯಾವುದೇ ಆಗಲಿ, ಕ್ರಿಮಿಗೆ ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಒಂದು, ಆಮೇಲೆ ಒಂದು. ಲವಣ, ಫ್ಲೋರೈಡ್, ನೈಟ್ರೇಟ್‌ಗೆ ವರ್ಷಕ್ಕೆ ಒಂದು ಸಲ. ನಿಮ್ಮ ಪಂಚಾಯ್ತಿಯಲ್ಲಿ ಕಿಟ್ ಯಾರ ಹತ್ತಿರ ಇದೆ ಎಂದು ಪಿಡಿಒ ಅವರನ್ನೋ ನೀರುಗಂಟಿಯನ್ನೋ ಕೇಳಿ. ಎಷ್ಟೋ ಕಡೆ ಅದು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಕಿಟ್‌ನ ಔಷಧಿಗಳಿಗೂ ಅವಧಿ ಇರುತ್ತದೆ, ತಾರೀಖು ನೋಡಿ. ಕಪ್ಪಾದ ಸೀಸೆಯನ್ನು ಮಕ್ಕಳ ಕೈಗೆ ಸಿಗುವ ಹಾಗೆ ಎಸೆಯಬೇಡಿ. ಬ್ಲೀಚಿಂಗ್ ನೀರು ಹಾಕಿ, ಬಾವಿಯಿಂದ ದೂರ ಹೂತುಬಿಡಿ. ಎಲ್ಲಕ್ಕಿಂತ ಮೊದಲು ಒಂದು ನೂಲುಂಡೆ ತಗೊಂಡು ನಿಮ್ಮ ಬಾವಿಗೂ ಗುಂಡಿಗೂ ಎಷ್ಟು ಅಡಿ ಇದೆ ಎಂದು ಅಳೆದು ನೋಡಿ. ಅದಕ್ಕೆ ಕಿಟ್ಟೂ ಬೇಡ, ದುಡ್ಡೂ ಬೇಡ.

ಮಗು ಈಗ ತಂಗಿ ಮನೆಯಲ್ಲಿದೆ, ರಾಗಿ ಸರಿ ತಿನ್ನುತ್ತಿದೆ. ತಂಗಿ ಅಲ್ಲಿಗೆ ಹೋದ ವಾರವೇ ಫೋನ್ ಮಾಡಿ, ‘ಅಣ್ಣ, ಇಲ್ಲಿ ಬೋರಿಗೂ ಗುಂಡಿಗೂ ಹದಿನೆಂಟೇ ಅಡಿ. ಅತ್ತೆಗೆ ನಾನು ಹೇಳಿದ್ರೆ ಸರಿ ಹೋಗಲ್ಲ, ನೀನೇ ಒಂದಪ ಬಾ’ ಎಂದಿದ್ದಳು. ಬರುವ ಭಾನುವಾರ ಹೊರಟಿದ್ದೇನೆ. ಸ್ತ್ರೀಶಕ್ತಿ ಅಕ್ಕ ಎರಡು ಸೀಸೆ ಕೊಟ್ಟಿದ್ದಾರೆ.